ಕ್ಯಾಂಪಿಂಗ್‌ಗೆ ಒಂದೇ ಮಡಚುವ ಚಾಕು ಸಾಕಾ?

ಪ್ರಶ್ನೆ: ನಮಸ್ಕಾರ ಸರ್. ನಾನು ಹಾಸನದವನು, ಕೆಲಸ ಬೆಂಗಳೂರಿನಲ್ಲಿ. ವರ್ಷಕ್ಕೆ ನಾಲ್ಕೈದು ಸಲ ಗೆಳೆಯರ ಜೊತೆ ಸಕಲೇಶಪುರದ ಹತ್ತಿರ ದೊಡ್ಡಪ್ಪನ ಕಾಫಿ ತೋಟದಲ್ಲಿ ಟೆಂಟ್ ಹಾಕುತ್ತೇವೆ. ಮಧ್ಯೆ ಕುಮಾರ ಪರ್ವತದಂಥ ಚಾರಣಗಳೂ ಇರುತ್ತವೆ. ಅಡುಗೆಗೆ ಹೆಚ್ಚುವುದು, ಹಗ್ಗ ಕತ್ತರಿಸುವುದು, ಟೆಂಟಿನ ಗೂಟ ಕೆತ್ತುವುದು, ಬೆಂಕಿಗೆ ಸೌದೆ ಸೀಳುವುದು, ಎಲ್ಲದಕ್ಕೂ ಆಗುವಂಥ ಒಂದೇ ಮಡಚುವ ಚಾಕು ಬೇಕು. ಹೋದ ಸಲ ಆನ್‌ಲೈನಲ್ಲಿ ತರಿಸಿದ ಕಪ್ಪು ಬಣ್ಣದ 'ಮಿಲಿಟರಿ' ಚಾಕು ಒಯ್ದಿದ್ದೆ. ವಿಡಿಯೋಗಳಲ್ಲಿ ನೋಡಿದಂತೆ ಅದರ ಬೆನ್ನಿಗೆ ಕಟ್ಟಿಗೆಯಿಂದ ಹೊಡೆದು ಬಿದಿರು ಸೀಳುತ್ತಿದ್ದೆ. ಚಾಕು ಸಿಕ್ಕಿಕೊಂಡಿತು. ಅಲ್ಲಾಡಿಸಿ ಕೀಳುವಾಗ ಮಡಚಿಕೊಂಡು ತೋರುಬೆರಳು ಕೊಯ್ದಿತು, ಮೂರು ಹೊಲಿಗೆ ಬಿತ್ತು. ಡಿ2 ಸ್ಟೀಲ್ ಇರುವ, ತೆರೆದ ಅಲಗು ಮಡಚದಂತೆ ಹಿಡಿಯುವ ಗಟ್ಟಿ ಲಾಕ್ ಇರುವ ದಪ್ಪ ಚಾಕು ತಗೋ ಎನ್ನುತ್ತಾನೆ ಗೆಳೆಯ. 'ಒಂದು ಕತ್ತಿ ಇದ್ರೆ ಸಾಕು, ಅದಕ್ಕೆಲ್ಲ ಯಾಕೋ ದುಡ್ಡು' ಎನ್ನುತ್ತಾರೆ ದೊಡ್ಡಪ್ಪ. ಮೂರು ಸಾವಿರದೊಳಗೆ ಯಾವುದನ್ನು ಕೊಳ್ಳಲಿ? ಜೊತೆಗೆ ಇಟ್ಟುಕೊಂಡು ಓಡಾಡಿದರೆ ಪೊಲೀಸರ ತೊಂದರೆ ಇದೆಯಾ? ಹನ್ನೆರಡು ವರ್ಷದ ಮಗನೂ ನನಗೊಂದು ಬೇಕು ಅಂತಿದ್ದಾನೆ. ಕೊಡಬಹುದಾ?

ಉತ್ತರ: ಮೊದಲು ಬೆರಳಿನ ವಿಷಯ. ಹೊಲಿಗೆ ಬಿಚ್ಚಿದ ಮೇಲೂ ತುದಿ ಜೋಮು ಹಿಡಿದಂತೆಯೇ ಇದ್ದರೆ, ಅಥವಾ ಬೆರಳನ್ನು ಪೂರ್ತಿ ಮಡಚಲು, ಚಾಚಲು ಆಗದಿದ್ದರೆ, ಚಾಕು ಕೊಳ್ಳುವುದನ್ನು ಪಕ್ಕಕ್ಕಿಟ್ಟು ಇನ್ನೊಮ್ಮೆ ಡಾಕ್ಟರಿಗೆ ತೋರಿಸಿ. ನರವೋ ಸ್ನಾಯುರಜ್ಜುವೋ ತುಂಡಾಗಿದ್ದರೆ ತಡ ಮಾಡಿದಷ್ಟೂ ಸರಿಪಡಿಸುವುದು ಕಷ್ಟ. ಇನ್ನು ಮುಂದೆ ಯಾರಿಗಾದರೂ ಕೈ ಕೊಯ್ದರೆ ಕಾಫಿ ಪುಡಿ, ಅರಿಶಿನ ತುಂಬಬೇಡಿ. ತೋಟದ ಕಡೆ ಇದು ಈಗಲೂ ನಡೆಯುತ್ತದೆ. ಗಾಯ ಹೊಲಿಯಲು ಕೂತ ಡಾಕ್ಟರಿಗೆ ಅದನ್ನೆಲ್ಲ ತೊಳೆಯುವುದೇ ಮೊದಲ ಕೆಲಸವಾಗುತ್ತದೆ. ಶುಭ್ರ ಬಟ್ಟೆಯಿಂದ ಬಿಗಿಯಾಗಿ ಒತ್ತಿ, ಕೈ ಎತ್ತಿ ಹಿಡಿಯಿರಿ. ನಡುವೆ ತೆಗೆದು ತೆಗೆದು ನೋಡದೆ ಹತ್ತು ನಿಮಿಷ ಹಾಗೇ ಇರಿ. ಟಿಟಿ ಇಂಜೆಕ್ಷನ್ ಯಾವಾಗ ಆಗಿತ್ತು ಎಂದು ನೆನಪು ಮಾಡಿಕೊಳ್ಳಿ.

ಈಗ ಚಾಕು. ಹಳೆಯದು ಕಳಪೆ ಮಾಲು, ಒಳ್ಳೆಯ ಸ್ಟೀಲು ಗಟ್ಟಿ ಲಾಕು ಇದ್ದಿದ್ದರೆ ಹೀಗಾಗುತ್ತಿರಲಿಲ್ಲ ಎಂದು ನೀವೂ ನಿಮ್ಮ ಗೆಳೆಯರೂ ಅಂದುಕೊಂಡಂತಿದೆ. ಮಾಲು ಕಳಪೆಯೇ ಇದ್ದೀತು. ಆದರೆ ಹತ್ತು ಸಾವಿರದ ಚಾಕು ಹಿಡಿದು ಅದೇ ಕೆಲಸ ಮಾಡಿದ್ದರೂ ಇವತ್ತಲ್ಲ ನಾಳೆ ಅದೇ ಬೆರಳಿಗೆ ಬರುತ್ತಿತ್ತು. ಶಿಬಿರಗಳಲ್ಲಿ ಕತ್ತಿ, ಗರಗಸ, ಚಾಕು ಬಳಸುವುದನ್ನು ಕಲಿಸುವುದು ನನ್ನ ಕೆಲಸ. ಬಂದವರ ಚಾಕುಗಳನ್ನು ಮಸೆದು ರಿಪೇರಿ ಮಾಡಿಕೊಡುವುದೂ ನಾನೇ. ಲಾಕ್ ಕೆಟ್ಟು ನನ್ನ ಕೈಗೆ ಬರುವ ಚಾಕುಗಳ ಹಿಂದೆ ಹೆಚ್ಚಾಗಿ ಇರುವುದು ನಿಮ್ಮದೇ ಕಥೆ: ಬೆನ್ನಿಗೆ ಪೆಟ್ಟು, ಆಮೇಲೆ ಅಲ್ಲಾಟ.

ಯಾಕೆ ಹೀಗಾಗುತ್ತದೆ ಎಂದು ನೋಡಿ. ಮಡಚುವ ಚಾಕುವಿನಲ್ಲಿ ಅಲಗು ಒಂದು ಪಿನ್ನಿನ ಮೇಲೆ ತಿರುಗುತ್ತದೆ. ಸೌತೆಕಾಯಿ ಹೆಚ್ಚುವಾಗ, ಹಗ್ಗ ಕತ್ತರಿಸುವಾಗ ನೀವು ಅಲಗಿನ ಬಾಯಿಯನ್ನು ವಸ್ತುವಿನ ಮೇಲೆ ಒತ್ತುತ್ತೀರಿ. ವಸ್ತು ಅದನ್ನು ವಾಪಸ್ ತಳ್ಳುತ್ತದೆ, ಅಂದರೆ ತೆರೆಯುವ ದಿಕ್ಕಿಗೆ. ಆ ದಿಕ್ಕಿನಲ್ಲಿ ಅಲಗು ಒಂದು ತಡೆಗೆ ಒರಗಿ ನಿಂತಿರುತ್ತದೆ, ಎಷ್ಟು ಒತ್ತಿದರೂ ಮುಂದೆ ಹೋಗುವುದಿಲ್ಲ. ಈ ಹೊತ್ತಿನಲ್ಲಿ ಲಾಕಿಗೆ ಹೆಚ್ಚುಕಡಿಮೆ ಕೆಲಸವೇ ಇಲ್ಲ. ಲಾಕ್ ಇಲ್ಲದ ಚಾಕುವಿನಲ್ಲೂ ಈ ಕೆಲಸ ನಿಶ್ಚಿಂತೆಯಾಗಿ ನಡೆಯುತ್ತದೆ.

ಬೆನ್ನಿಗೆ ಹೊಡೆದರೆ ಲೆಕ್ಕ ಉಲ್ಟಾ. ಅಲಗಿನ ಮಧ್ಯಭಾಗ ಬಿದಿರಿನಲ್ಲಿ ಕೂತಿದೆ, ಹಿಡಿ ನಿಮ್ಮ ಮುಷ್ಟಿಯಲ್ಲಿದೆ, ಪೆಟ್ಟು ತುದಿಯ ಹತ್ತಿರ ಬೀಳುತ್ತದೆ. ಪ್ರತಿ ಪೆಟ್ಟೂ ಅಲಗನ್ನು ಮಡಚುವ ದಿಕ್ಕಿಗೇ ದಬ್ಬುತ್ತದೆ. ಆಗ ಅದನ್ನು ತಡೆದು ನಿಲ್ಲಿಸಿರುವುದು ಲಾಕಿನ ಸಣ್ಣ ತುಂಡು ಲೋಹ ಮಾತ್ರ. ಸಿಕ್ಕಿಕೊಂಡ ಚಾಕುವನ್ನು ಮೇಲೆ ಕೆಳಗೆ ಅಲ್ಲಾಡಿಸಿದಾಗಲೂ ಅಷ್ಟೇ. ಮೊನೆಯಿಂದ ಚುಚ್ಚಿ ತೂತು ಕೊರೆಯುವಾಗಲೂ ಅಲಗು ಮಡಚಿಕೊಳ್ಳಲು ನೋಡುತ್ತದೆ. ಅದು ಮಡಚಿದರೆ ಹೋಗಿ ನಿಲ್ಲುವುದು ಹಿಡಿಯ ಸೀಳಿನಲ್ಲಿ, ಆ ಸೀಳಿಗೆ ಅಡ್ಡಲಾಗಿ ಇರುವುದು ನಿಮ್ಮ ಬೆರಳು. ಲಾಕ್ ಎನ್ನುವುದು ಕೈ ತಪ್ಪಿದಾಗ ಉಳಿಸಲು ಇಟ್ಟ ಎರಡನೇ ಕಾವಲು. ಅದರ ಮೇಲೆ ಭಾರ ಹಾಕಿ ಕೆಲಸ ಮಾಡಲು ಅಲ್ಲ.

ಹಾಗಾದರೆ ವಿಡಿಯೋದವರು ಹೊಡೆಯುತ್ತಾರಲ್ಲ ಎನ್ನುತ್ತೀರಿ. ಅವರ ಕೈಯಲ್ಲಿ ಬಹುಪಾಲು ಇರುವುದು ಮಡಚದ ಚಾಕು, ಅಲಗಿನ ಲೋಹ ಹಿಡಿಯ ಒಳಗೂ ಹೋಗಿರುವಂಥದ್ದು. ಸ್ವೀಡನ್, ಫಿನ್ಲೆಂಡ್, ಕೆನಡಾದಂಥ ಚಳಿ ದೇಶಗಳಲ್ಲಿ ಹಿಮದಲ್ಲಿ ಬಿದ್ದ ಮರದ ಹೊರಭಾಗ ಒದ್ದೆಯಾಗಿರುತ್ತದೆ. ಒಳಗಿನ ಒಣ ತಿರುಳು ಸಿಗಬೇಕಾದರೆ ಸೀಳಲೇಬೇಕು. ಅಲ್ಲಿಯ ಪೈನ್ ಮರದ ಎಳೆಗಳು ನೇರ, ಮರ ಮೆದು, ಸೀಳಿದರೆ ಸರಾಗವಾಗಿ ಬಿಚ್ಚಿಕೊಳ್ಳುತ್ತದೆ. ಅದಕ್ಕೆ ಅವರು ಆ ರೂಢಿ ಬೆಳೆಸಿಕೊಂಡಿದ್ದಾರೆ. ನಿಮ್ಮ ದೊಡ್ಡಪ್ಪನ ತೋಟದಲ್ಲಿ ಆ ಕಷ್ಟವೇ ಇಲ್ಲವಲ್ಲ? ಮರಗಸಿ ಮಾಡಿದಾಗ, ಅಂದರೆ ನೆರಳಿನ ಮರಗಳ ರೆಂಬೆ ಸವರಿದಾಗ, ಬಿದ್ದು ಒಣಗಿದ ಸಿಲ್ವರ್ ಓಕ್ ರೆಂಬೆ ಇರುತ್ತದೆ, ಕಾಫಿ ಗಿಡದ ಒಣ ಕಡ್ಡಿ ಇರುತ್ತದೆ. ಅಡಕೆ ಸೋಗೆ, ತೆಂಗಿನ ಗರಿ, ಕರಟ, ನಾರು ಇದ್ದರಂತೂ ಕೇಳುವುದೇ ಬೇಡ. ಕೈಯಲ್ಲಿ ಮುರಿಯುವ ಪುಳ್ಳೆಯಿಂದ ಶುರು ಮಾಡಿ ಹೆಬ್ಬೆರಳು ಗಾತ್ರದ ಕಡ್ಡಿಗೆ ಬಂದರೆ ಅನ್ನ ಬೇಯುವ ಬೆಂಕಿ ಆಯಿತು. ಸೀಳುವ ಪ್ರಸಂಗವೇ ಬರುವುದಿಲ್ಲ. ಮಳೆಗಾಲದಲ್ಲಿ ಮಾತ್ರ ಒಣ ತಿರುಳು ಬೇಕಾಗುತ್ತದೆ. ಆಗ ಕತ್ತಿ ತೆಗೆಯಿರಿ. ಅಂದ ಹಾಗೆ, ಬಿದಿರನ್ನು ಗಿಣ್ಣು ಒಡೆಯದೆ ಇಡಿಯಾಗಿ ಬೆಂಕಿಗೆ ಹಾಕಬೇಡಿ. ಒಳಗಿನ ಗಾಳಿ ಕಾದು ಪಟಾಕಿಯಂತೆ ಸಿಡಿಯುತ್ತದೆ.

ಇಲ್ಲಿ ದೊಡ್ಡಪ್ಪನ ಮಾತು ಬರುತ್ತದೆ. ಅವರು ಹೇಳಿದ್ದು ಅರ್ಧ ಸರಿ. ಬಿದಿರು ಸೀಳಲು, ಗೂಟ ಚೂಪು ಮಾಡಲು, ಪೊದೆ ಸವರಲು ಊರಿನ ಕಮ್ಮಾರ ಬಡಿದ ಕತ್ತಿಯನ್ನು ಮೀರಿಸುವುದು ಇಲ್ಲ. ಎಷ್ಟೋ ಕಡೆ ಅದನ್ನು ಲಾರಿಯ ಹಳೆಯ ಸ್ಪ್ರಿಂಗ್ ಪ್ಲೇಟಿನಿಂದ ಮಾಡುತ್ತಾರೆ. ಆ ಉಕ್ಕಿನ ಗುಣವೇ ಪೆಟ್ಟು ತಾಳುವುದು. ಮುರಿಯುವುದಿಲ್ಲ, ಬಾಯಿ ಹೋದರೆ ಕಲ್ಲಿಗೆ ತಿಕ್ಕಿದರೂ ಬರುತ್ತದೆ. ಬಿದಿರಿಗೆ ಕತ್ತಿಯನ್ನು ಒಂದು ಸಲ ಇಳಿಸಿ ಸ್ವಲ್ಪ ತಿರುವಿದರೆ ಸೀಳು ತಾನಾಗಿಯೇ ಓಡುತ್ತದೆ. ಆದರೆ ಅದೇ ಕತ್ತಿಯಲ್ಲಿ ಟೊಮೇಟೊ ಹೆಚ್ಚಿ ನೋಡಿ. ಟೆಂಟಿನ ಒಳಗೆ ತೆಳು ದಾರ ಕತ್ತರಿಸಿ ನೋಡಿ. ಅಲ್ಲಿ ಸಣ್ಣ ಚಾಕು ಬೇಕು. ಜೊತೆಗೆ ಅಭ್ಯಾಸವಿಲ್ಲದವರ ಕೈಯಲ್ಲಿ, ಕತ್ತಲಲ್ಲಿ, ನಾಲ್ಕು ಜನ ಸುತ್ತ ಕೂತಿರುವಾಗ ಕತ್ತಿ ಬೀಸುವುದು ಚಾಕುವಿಗಿಂತ ದೊಡ್ಡ ಅಪಾಯ. ಚಾಕು ಬೆರಳು ಕೊಯ್ಯುತ್ತದೆ, ಕತ್ತಿ ಮೊಣಕಾಲಿಗೆ ಬರುತ್ತದೆ. ಬೆಳಕಿರುವಾಗಲೇ ಆ ಕೆಲಸ ಮುಗಿಸಿಬಿಡಿ.

ಆದ್ದರಿಂದ ನನ್ನ ಸಲಹೆ: ಮೂರು ಸಾವಿರವನ್ನೂ ಒಂದು ಚಾಕುವಿಗೆ ಸುರಿಯಬೇಡಿ. ಸೀಳುವ, ಕಡಿಯುವ ಕೆಲಸವನ್ನು ತೋಟದ ಕತ್ತಿಗೆ ಬಿಡಿ. ಅಡ್ಡಕ್ಕೆ ಕತ್ತರಿಸಲು ಗಿಡ ಸವರುವ ಮಡಚುವ ಗರಗಸ ತಗೊಳ್ಳಿ, ಕೃಷಿ ಉಪಕರಣದ ಅಂಗಡಿಯಲ್ಲೇ ಸಿಗುತ್ತದೆ. ಮಣಿಕಟ್ಟು ಗಾತ್ರದ ರೆಂಬೆ ಕತ್ತರಿಸಲು ಚಾಕುವಿನಲ್ಲಿ ಅರ್ಧ ಗಂಟೆ ಒದ್ದಾಡುತ್ತೀರಿ, ಗರಗಸದಲ್ಲಿ ಒಂದೆರಡು ನಿಮಿಷದ ಕೆಲಸ. ಬೀಸುವ ಪ್ರಶ್ನೆಯೇ ಇಲ್ಲದ್ದರಿಂದ ಅಪಾಯವೂ ಕಡಿಮೆ. ಉಳಿದ ದುಡ್ಡಿಗೆ ಒಂದು ಸಾದಾ ಮಡಚುವ ಚಾಕು, ಒಂದು ಸಾಣೆ ಕಲ್ಲು. ಆಗ ಚಾಕುವಿಗೆ ಉಳಿಯುವುದು ಹೆಚ್ಚುವುದು, ಕೊಯ್ಯುವುದು, ಸುಲಿಯುವುದು, ಸಣ್ಣ ಕೆತ್ತನೆ. ಅದನ್ನು ಅದು ಚೆನ್ನಾಗಿ ಮಾಡುತ್ತದೆ.

ಅಂಥ ಚಾಕು ಹೇಗಿರಬೇಕು? ಎಲ್ಲರೂ ಸ್ಟೀಲಿನಿಂದ ಶುರು ಮಾಡುತ್ತಾರೆ. ನಾನು ದಪ್ಪದಿಂದ ಶುರು ಮಾಡುತ್ತೇನೆ, ಯಾಕೆಂದರೆ ಕೊಳ್ಳುವವರು ಜಾಸ್ತಿ ಮೋಸ ಹೋಗುವುದು ಅಲ್ಲೇ. ದಪ್ಪ ಅಲಗು ನೋಡಲು ಗಟ್ಟಿಮುಟ್ಟು. ಆದರೆ ಅದು ಕ್ಯಾರೆಟ್ಟನ್ನು ಕತ್ತರಿಸುವುದಿಲ್ಲ, ಅರ್ಧಕ್ಕೆ ಬಂದ ಮೇಲೆ ಲಟಕ್ಕನೆ ಒಡೆಯುತ್ತದೆ. ಮರ ಕೆತ್ತುವಾಗ ಸಿಕ್ಕಿಕೊಳ್ಳುತ್ತದೆ. ಆಗ ನೀವು ಜಾಸ್ತಿ ಬಲ ಹಾಕುತ್ತೀರಿ, ಬಲ ಹಾಕಿದಾಗಲೇ ಕೈ ಜಾರುವುದು. ಬೆನ್ನಿನ ಹತ್ತಿರ 2ರಿಂದ 3 ಮಿಲಿಮೀಟರ್ ಸಾಕು. ಅಲ್ಲಿಂದ ಬಾಯಿಯವರೆಗೆ ಸಮನಾಗಿ ತೆಳ್ಳಗಾಗುತ್ತಾ ಬಂದಿರಬೇಕು. ಉದ್ದ 7ರಿಂದ 9 ಸೆಂಟಿಮೀಟರ್. ಅದಕ್ಕಿಂತ ಉದ್ದವಾದರೆ ಪಿನ್ನಿನ ಮೇಲೆ ಎಳೆತ ಹೆಚ್ಚು, ಸಣ್ಣ ಕೆಲಸಕ್ಕೆ ಮೊನೆ ಹತೋಟಿಗೆ ಬರುವುದಿಲ್ಲ. ಅರ್ಧ ಅಲಗು ಗರಗಸದ ಹಲ್ಲಿನಂತೆ ಇರುವುದು ಬೇಡ. ಹಗ್ಗಕ್ಕೆ ಚೆನ್ನ, ಕೆತ್ತಲು ಬಾರದು, ಮನೆಯಲ್ಲಿ ಮಸೆಯಲೂ ಬಾರದು. ಕಪ್ಪು ಲೇಪನ, ಗಾಜು ಒಡೆಯುವ ಮೊಳೆ, ಮಿಲಿಟರಿ ಹೆಸರು ಇವಕ್ಕೆಲ್ಲ ನೀವು ದುಡ್ಡು ಕೊಡುತ್ತೀರಿ, ಅವು ನಿಮಗೆ ಏನೂ ಕೊಡುವುದಿಲ್ಲ.

ಸ್ಟೀಲಿಗೆ ಬರೋಣ. ನಿಮ್ಮ ಗೆಳೆಯರು ಹೇಳಿದ ಡಿ2 ಕೆಟ್ಟದ್ದಲ್ಲ. ಅದರಲ್ಲಿ ಇಂಗಾಲ ಸುಮಾರು ಶೇಕಡಾ 1.5, ಕ್ರೋಮಿಯಂ ಸುಮಾರು 12. ಗಡಸು ಜಾಸ್ತಿ, ಹರಿತ ಬಹಳ ದಿನ ನಿಲ್ಲುತ್ತದೆ. ಅಷ್ಟು ಕ್ರೋಮಿಯಂ ಇದ್ದರೆ ತುಕ್ಕು ಹಿಡಿಯಬಾರದಲ್ಲ ಎಂದು ಅಂಗಡಿಯವರೂ ಹೇಳುತ್ತಾರೆ. ಆದರೆ ಅದರಲ್ಲಿ ಒಳ್ಳೆಯ ಪಾಲು ಇಂಗಾಲದ ಜೊತೆ ಸೇರಿ ಗಟ್ಟಿ ಕಣಗಳಾಗಿ ಕೂತಿರುತ್ತದೆ. ತುಕ್ಕು ತಡೆಯಲು ಉಳಿಯುವುದು ಕಡಿಮೆ. ಮಲೆನಾಡಿನ ಮಳೆಗಾಲದಲ್ಲಿ ಒದ್ದೆ ಚೀಲದಲ್ಲಿ ಎರಡು ದಿನ ಬಿಟ್ಟರೆ ಚುಕ್ಕೆ ಚುಕ್ಕೆ ತುಕ್ಕು ಬರುತ್ತದೆ. ಇನ್ನೊಂದು, ಅದು ಒಮ್ಮೆ ಮೊಂಡಾದರೆ ಸಾದಾ ಕಲ್ಲಿನಲ್ಲಿ ಹರಿತ ತರಿಸಲು ತಾಳ್ಮೆ ಬೇಕು. ಅಡ್ಡಕ್ಕೆ ತಿರುಚಿದರೆ ಅಂಚು ಬಾಗುವ ಬದಲು ಚಕ್ಕೆ ಏಳುತ್ತದೆ. ಮಸೆಯಲು ಇನ್ನೂ ಕಲಿಯುತ್ತಿರುವವರಿಗೆ ನಾನು ಅದನ್ನು ಹೇಳುವುದಿಲ್ಲ.

ನಿಮಗೆ ಬೇಕಾದದ್ದು ತುಕ್ಕು ಹಿಡಿಯದ, ಮಧ್ಯಮ ಗಡಸಿನ, ಬೇಗ ಮಸೆಯಲು ಬರುವ ಸ್ಟೀಲ್. ಸ್ವೀಡನ್ನಿನ 12ಸಿ27, 14ಸಿ28ಎನ್ ಒಳ್ಳೆಯವು. ಚೀನಾದ 8ಸಿಆರ್13ಎಂಓವಿ ಸಹ ಈ ಬೆಲೆಗೆ ಸಾಕು. ಸ್ವಿಸ್ ಸೈನಿಕ ಚಾಕು ಎಂದು ಹೆಸರಾದ ವಿಕ್ಟೊರಿನಾಕ್ಸ್‌ನ ಅಲಗಿನ ಗಡಸು ರಾಕ್‌ವೆಲ್ ಅಳತೆಯಲ್ಲಿ 56ರ ಆಸುಪಾಸು. ಡಿ2 ಸಾಮಾನ್ಯವಾಗಿ 58ರಿಂದ 61. ಅಂಕಿ ನೋಡಿದರೆ ಸ್ವಿಸ್ ಚಾಕು ಸೋಲುತ್ತದೆ. ಶಿಬಿರದಲ್ಲಿ ಐದು ನಿಮಿಷ ಕಲ್ಲಿಗೆ ಕೊಟ್ಟು ಮತ್ತೆ ಟೊಮೇಟೊ ಹೆಚ್ಚುವವರು ಸ್ವಿಸ್ ಚಾಕು ಇರುವವರೇ. ಇನ್ನು '440 ಸ್ಟೀಲ್' ಎಂದು ಬರೆದದ್ದನ್ನು ನಂಬಬೇಡಿ. 440ಎ, 440ಬಿ, 440ಸಿ ಮೂರೂ ಬೇರೆ ಬೇರೆ. ಅಕ್ಷರ ಬರೆದಿಲ್ಲ ಎಂದರೆ ಏನೂ ಹೇಳಿಲ್ಲ ಎಂದೇ ಅರ್ಥ. 'ಸರ್ಜಿಕಲ್ ಸ್ಟೀಲ್' ಎಂಬ ಮಾತೂ ಹಾಗೆಯೇ. ಅಲೆ ಅಲೆ ಚಿತ್ತಾರದ ಅಗ್ಗದ ಡಮಾಸ್ಕಸ್ ಚಾಕು ನೋಡಲು ಚೆಂದ, ಆದರೆ ಒಳಗೆ ಯಾವ ಉಕ್ಕು, ಯಾವ ಹದ ಎಂದು ಮಾರುವವರೇ ಬರೆದಿರುವುದಿಲ್ಲ.

ಲಾಕ್ ಬೇಡವೇ ಬೇಡ ಎಂದು ನಾನು ಹೇಳುತ್ತಿಲ್ಲ. ಒಂದೊಂದರದ್ದೂ ಒಂದೊಂದು ಗುಣ. ಅಗ್ಗದ ಚಾಕುಗಳಲ್ಲಿ ಹೆಚ್ಚು ಕಾಣುವುದು ಲೈನರ್ ಲಾಕ್: ಹಿಡಿಯ ಒಳಗಿನ ತೆಳು ತಗಡು ಬಾಗಿ ಬಂದು ಅಲಗಿನ ಬುಡಕ್ಕೆ ಆತುಕೊಳ್ಳುತ್ತದೆ. ಕೊಳ್ಳುವಾಗ ಅಲಗು ತೆರೆದು ನೋಡಿ, ತಗಡು ಪೂರ್ತಿ ದಪ್ಪದಲ್ಲಿ ಬುಡಕ್ಕೆ ಕೂತಿದೆಯಾ, ಬರೀ ಅಂಚು ತಾಗಿದೆಯಾ ಎಂದು. ಅಂಚು ಮಾತ್ರ ತಾಗಿದ್ದರೆ ಅಲ್ಲೇ ಇಟ್ಟು ಬನ್ನಿ. ಮರಳು, ಮಣ್ಣು ಸೇರಿದರೂ ಅದು ಪೂರ್ತಿ ಕೂರುವುದಿಲ್ಲ. ಮುಷ್ಟಿ ಬಿಗಿದು ತಿರುಚಿದರೆ ಬೆರಳೇ ಅದನ್ನು ಪಕ್ಕಕ್ಕೆ ಸರಿಸಬಹುದು. ಮಡಚುವಾಗ ಹೆಬ್ಬೆರಳು ಅಲಗಿನ ದಾರಿಯಲ್ಲೇ ಇರುತ್ತದೆ ಎನ್ನುವುದು ಇನ್ನೊಂದು ತಾಪತ್ರಯ. ಬ್ಯಾಕ್ ಲಾಕಿನಲ್ಲಿ ಹಿಡಿಯ ಬೆನ್ನಿನ ಉದ್ದಕ್ಕೆ ಒಂದು ಪಟ್ಟಿ ಇದ್ದು, ಅದರ ಕೊಕ್ಕೆ ಅಲಗಿನ ಬುಡದ ಕಚ್ಚಿನಲ್ಲಿ ಕೂರುತ್ತದೆ. ಅಮೆರಿಕದ ಬಕ್ 110 ಚಾಕು 1964ರಲ್ಲಿ ಇದನ್ನು ಮನೆಮಾತು ಮಾಡಿತು. ಗಟ್ಟಿ, ಆದರೆ ಆ ಕಚ್ಚಿನಲ್ಲಿ ಜೇಬಿನ ನಾರು, ಹಿಟ್ಟು ಸೇರಿದರೆ ಕೊಕ್ಕೆ ಮೇಲ್ಮೇಲೆ ನಿಲ್ಲುತ್ತದೆ. ಕಡ್ಡಿಯಲ್ಲಿ ಕೆರೆದು ತೆಗೆಯುತ್ತಿರಬೇಕು. ಅಡ್ಡ ಸರಳಿನ ಲಾಕ್ ಇನ್ನೊಂದು ಬಗೆ. ಎರಡೂ ಬದಿಯ ಗುಂಡಿ ಹಿಂದಕ್ಕೆ ಎಳೆದರೆ ಮಡಚುತ್ತದೆ, ಬೆರಳು ಅಲಗಿನ ದಾರಿಗೆ ಬರುವುದೇ ಇಲ್ಲ. ನನಗೆ ಇಷ್ಟವಾದ ವ್ಯವಸ್ಥೆ ಇದು. ಒಳಗಿನ ತಂತಿ ಸ್ಪ್ರಿಂಗ್ ಮುರಿದರೆ ಮಾತ್ರ ರಿಪೇರಿ ಕಿರಿಕಿರಿ.

ಎಲ್ಲಕ್ಕಿಂತ ಸರಳವಾದದ್ದು ಫ್ರಾನ್ಸಿನ ಒಪಿನೆಲ್ ಚಾಕುವಿನ ಬಳೆ. ಜೋಸೆಫ್ ಒಪಿನೆಲ್ ಎಂಬಾತ 1890ರಲ್ಲಿ ಆಲ್ಪ್ಸ್ ಸೀಮೆಯ ಸವಾಯ್‌ನಲ್ಲಿ ರೈತರಿಗಾಗಿ ಮಾಡಿದ ಚಾಕು ಅದು. 1955ರಲ್ಲಿ ಹಿಡಿಯ ಕುತ್ತಿಗೆಗೆ ತಿರುಗುವ ಲೋಹದ ಬಳೆ ಬಂತು. ಬಳೆ ತಿರುಗಿಸಿದರೆ ಅಲಗು ಮಡಚದು. ತೆಳು ಅಲಗು, ಬೀಚ್ ಮರದ ಹಿಡಿ, ಬಹಳ ಹಗುರ. 8ನೇ ನಂಬರಿನದು 8.5 ಸೆಂಟಿಮೀಟರ್ ಅಲಗು, ನೀವು ಕೇಳಿದ ಅಡುಗೆ ಕೆಲಸಕ್ಕೆ ಹೇಳಿ ಮಾಡಿಸಿದ್ದು. ಆದರೆ ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಮರದ ಹಿಡಿ ನೀರು ಕುಡಿದು ಉಬ್ಬುತ್ತದೆ. ಸಕಲೇಶಪುರದ ಜುಲೈ ತಿಂಗಳಲ್ಲಿ ಅಲಗು ಹಿಡಿಯೊಳಗೇ ಬಿಗಿದು ಕೂತು, ಉಗುರು ಮುರಿದರೂ ತೆರೆಯದೆ ಇರಬಹುದು. ಹಿಡಿಯ ಹಿಂತುದಿಯನ್ನು ಕಲ್ಲಿಗೆ ಮೆಲ್ಲಗೆ ಕುಟ್ಟಿದರೆ ಅಲಗು ಸ್ವಲ್ಪ ಹೊರಬರುತ್ತದೆ. ಅದರಲ್ಲಿ ಕಾರ್ಬನ್ ಸ್ಟೀಲಿನದೂ ಬರುತ್ತದೆ, ಸ್ಟೇನ್‌ಲೆಸ್ಸೂ ಬರುತ್ತದೆ. ನೀವು ಸ್ಟೇನ್‌ಲೆಸ್ ತಗೊಳ್ಳಿ. ಕಾರ್ಬನ್ನಿನದಕ್ಕೆ ನಿಂಬೆ, ಮಾವಿನಕಾಯಿ ತಾಗಿದರೆ ಕಪ್ಪಾಗುತ್ತದೆ, ಪ್ರತಿ ಸಲ ಒರೆಸಿ ಕೊಬ್ಬರಿ ಎಣ್ಣೆ ಸವರಬೇಕು.

ಲಾಕಿಲ್ಲದ ಪಕ್ಷದಲ್ಲಿ ಸ್ವಿಸ್ ಚಾಕು. 1897ರಿಂದ ಇರುವ ಈ ವಿನ್ಯಾಸದ ಸಾದಾ ಮಾದರಿಗಳಲ್ಲಿ ಅಲಗನ್ನು ಹಿಡಿದಿಡುವುದು ಬೆನ್ನಿನ ಸ್ಪ್ರಿಂಗ್ ಮಾತ್ರ, ಲಾಕ್ ಇಲ್ಲ. ಬೆಟ್ಟ ಹತ್ತುವವರು ತಲೆಮಾರುಗಳಿಂದ ಅದನ್ನೇ ಬಳಸುತ್ತಿದ್ದಾರೆ. ಗರಗಸ ಇರುವ ಮಾದರಿ ಆರಿಸಿ. ಆ ಸಣ್ಣ ಗರಗಸ ನೋಡಿ ನಗಬೇಡಿ, ಹೆಬ್ಬೆರಳು ಗಾತ್ರದ ಕೋಲಿಗೆ ಕಚ್ಚು ಹಾಕಲು, ಗೂಟ ಮಾಡಲು ಅದಕ್ಕಿಂತ ಅಚ್ಚುಕಟ್ಟಾದದ್ದು ಜೇಬಿನಲ್ಲಿ ಹಿಡಿಯುವುದಿಲ್ಲ. ಡಬ್ಬಿ ತೆಗೆಯುವ ಅಲಗು, ತೂತು ಕೊರೆಯುವ ದಬ್ಬಣವೂ ಇರುವುದರಿಂದ ಮೊನೆಯಿಂದ ಚುಚ್ಚುವ ಚಪಲ ಬರುವುದಿಲ್ಲ. ಎರಡರಲ್ಲಿ ಒಂದನ್ನೇ ಹೇಳಿ ಎಂದರೆ, ನಿಮಗೆ ನಾನು ಗರಗಸವಿರುವ ಸ್ವಿಸ್ ಚಾಕುವನ್ನೇ ಹೇಳುತ್ತೇನೆ. ಒಮ್ಮೆ ಲಾಕ್ ನಂಬಿ ಕೈ ಕೊಯ್ದುಕೊಂಡಿದ್ದೀರಿ. ಲಾಕ್ ಇಲ್ಲ ಎಂದು ಗೊತ್ತಿದ್ದರೆ ಕೈ ತಾನಾಗಿಯೇ ಸರಿಯಾದ ದಿಕ್ಕಿಗೆ ಒತ್ತುವುದನ್ನು ಕಲಿಯುತ್ತದೆ. ಬೇರೆ ತಜ್ಞರು ಇದನ್ನು ಒಪ್ಪಲಿಕ್ಕಿಲ್ಲ, ಲಾಕ್ ಇರಲೇಬೇಕು ಎನ್ನುವವರೂ ಇದ್ದಾರೆ. ಮಾರುಕಟ್ಟೆಯಲ್ಲಿ ನಕಲಿ ಬಹಳ, ಹೆಸರು ನೋಡಿ ಮಾರಾಟಗಾರರನ್ನೂ ನೋಡಿ. ಬಣ್ಣ ಕೆಂಪೋ ಹಳದಿಯೋ ಕಿತ್ತಳೆಯೋ ಇರಲಿ. ತರಗೆಲೆಯ ಮೇಲೆ ಬಿದ್ದ ಕಪ್ಪು, ಹಸಿರು ಚಾಕುವನ್ನು ಟಾರ್ಚ್ ಹಾಕಿ ಹುಡುಕುವುದು ಸುಮ್ನೆ ಸುಸ್ತು.

ಕೋಳಿ, ಮಾಂಸ ಕತ್ತರಿಸುವುದಿದ್ದರೆ ಮಡಚುವ ಚಾಕು ಬಳಸಬೇಡಿ. ಹಿಡಿಯ ಸೀಳಿನೊಳಗೆ ರಸ ಇಳಿಯುತ್ತದೆ, ಅದನ್ನು ಪೂರ್ತಿ ತೊಳೆಯಲು ಆಗುವುದಿಲ್ಲ. ಮರುದಿನ ಅದೇ ಚಾಕುವಿನಲ್ಲಿ ಬಾಳೆಹಣ್ಣು ಕೊಯ್ಯುತ್ತೀರಿ. ಮನೆಯ ಸಣ್ಣ ಅಡುಗೆ ಚಾಕುವಿಗೆ ಒಂದು ರಟ್ಟಿನ ಒರೆ ಕಟ್ಟಿಕೊಂಡು ಒಯ್ದರೆ ಮುಗಿಯಿತು. ಸೀಳುವ ಚಪಲ ಬಿಡಲಾಗದಿದ್ದರೆ ಮಡಚದ ಚಾಕುವನ್ನೇ ಕೊಳ್ಳಿ, ಸ್ವೀಡನ್ನಿನ ಮೋರಾ ಊರಿನ ಸಾದಾ ಚಾಕುಗಳು ಅದಕ್ಕೆ ಹೆಸರಾದವು. ಅದರಲ್ಲೂ ಸಣ್ಣ ತುಂಡು ಮಾತ್ರ, ಗಂಟಿಲ್ಲದ್ದು.

ಮಸೆಯುವುದನ್ನು ಕಲಿಯಿರಿ. ಹಳ್ಳಿ ಸಂತೆಯಲ್ಲಿ, ಬೀದಿಯಲ್ಲಿ ಸಾಣೆ ಚಕ್ರ ತಿರುಗಿಸುವವರಿಗೆ ಕತ್ತಿ ಕೊಡಿ, ತೆಳು ಚಾಕು ಕೊಡಬೇಡಿ. ಚಕ್ರದ ಬಿಸಿಗೆ ಅಂಚು ನೀಲಿ ತಿರುಗಿತೆಂದರೆ ಅಲ್ಲಿ ಹದ ಹೋಯಿತು, ಆಮೇಲೆ ಎಷ್ಟು ಮಸೆದರೂ ಹರಿತ ನಿಲ್ಲದು. ಎರಡು ಮುಖದ ಕಲ್ಲು ತಗೊಳ್ಳಿ, ಒಂದು ಬದಿ ಒರಟು, ಇನ್ನೊಂದು ನಯ. ಅಲಗನ್ನು ಕಲ್ಲಿಗೆ ನೆಟ್ಟಗೆ ನಿಲ್ಲಿಸಿ, ಅದರ ಅರ್ಧಕ್ಕೆ ಬಾಗಿಸಿ, ಮತ್ತೆ ಅರ್ಧಕ್ಕೆ ಬಾಗಿಸಿ. ಸುಮಾರು 20 ಡಿಗ್ರಿ ಬಂತು. ಅದೇ ಕೋನದಲ್ಲಿ ಒಂದೇ ಬದಿ ತಿಕ್ಕುತ್ತಾ ಹೋದರೆ ಇನ್ನೊಂದು ಬದಿಯ ಅಂಚಿನಲ್ಲಿ ಬೆರಳಿಗೆ ಸಣ್ಣ ತರಿ ಸಿಗುತ್ತದೆ. ಆಗ ತಿರುಗಿಸಿ. ಕಾಡಿನಲ್ಲಿ ಕಲ್ಲು ಇಲ್ಲದಿದ್ದರೆ ಪಿಂಗಾಣಿ ಲೋಟದ ಬುಡದ ಮೆರುಗಿಲ್ಲದ ಒರಟು ಬಳೆ ಸಾಕಾಗುತ್ತದೆ.

ಕಾನೂನಿನ ವಿಷಯ. ನಾನು ವಕೀಲನಲ್ಲ, ಕೆಲಸಕ್ಕೆ ಬೇಕಾದಷ್ಟು ತಿಳಿದುಕೊಂಡಿದ್ದೇನೆ. ಶಸ್ತ್ರ ನಿಯಮಗಳ ಪಟ್ಟಿಯಲ್ಲಿ ಬರುವುದು 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲ ಅಲಗಿನ ಆಯುಧಗಳು. ಮನೆಬಳಕೆ, ಕೃಷಿ ಕೆಲಸಕ್ಕೆಂದೇ ಮಾಡಿದವಕ್ಕೆ ಅಲ್ಲಿ ವಿನಾಯಿತಿ ಇದೆ. ನಿಮ್ಮ ಎಂಟು ಸೆಂಟಿಮೀಟರ್ ಚಾಕು ಆ ಅಳತೆಯ ಹತ್ತಿರಕ್ಕೂ ಬರುವುದಿಲ್ಲ. ಆದರೆ ಗುಂಡಿ ಒತ್ತಿದರೆ ಚಟ್ಟನೆ ತೆರೆಯುವ ಸ್ಪ್ರಿಂಗ್ ಚಾಕು ಬೇಡ, ದೆಹಲಿಯಂಥ ಕಡೆ ಅದಕ್ಕೆ ಪ್ರತ್ಯೇಕ ನಿರ್ಬಂಧವೇ ಇದೆ. ಪ್ಯಾಂಟಿನ ಜೇಬಿಗೆ ಕ್ಲಿಪ್ ಹಾಕಿಕೊಂಡು ಪೇಟೆ ಸುತ್ತಬೇಡಿ. ಪೊಲೀಸರು ಕೇಳಿದರೆ ಉತ್ತರ ಕೊಡಬೇಕಾದವರು ನೀವು. ಟೆಂಟು, ಪಾತ್ರೆಯ ಜೊತೆ ಚೀಲದ ತಳದಲ್ಲಿದ್ದರೆ ಅದು ಏನಕ್ಕೆ ಎಂದು ನೋಡಿದವರಿಗೇ ತಿಳಿಯುತ್ತದೆ. ಮೆಟ್ರೋ ತಪಾಸಣೆಯಲ್ಲಿ ತಡೆಯುತ್ತಾರೆ, ವಿಮಾನದಲ್ಲಿ ಚೆಕ್-ಇನ್ ಸಾಮಾನಿಗೆ ಹಾಕಬೇಕು.

ಕುಮಾರ ಪರ್ವತದ ಲೆಕ್ಕವೇ ಬೇರೆ, ಇದನ್ನು ಚಾರಣಿಗರಲ್ಲಿ ತುಂಬಾ ಜನ ಗಮನಿಸಿಲ್ಲ. ಅದು ಪುಷ್ಪಗಿರಿ ವನ್ಯಜೀವಿ ಧಾಮದ ಒಳಗಿದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 31ನೇ ಕಲಂ ಪ್ರಕಾರ ಲಿಖಿತ ಅನುಮತಿ ಇಲ್ಲದೆ ಧಾಮದೊಳಗೆ ಆಯುಧ ಒಯ್ಯುವಂತಿಲ್ಲ. ಆ ಕಾಯ್ದೆ ಆಯುಧ ಎಂದು ಹೆಸರಿಸಿರುವ ಪಟ್ಟಿಯಲ್ಲಿ ಬಂದೂಕು, ಬಲೆ, ಉರುಳಿನ ಜೊತೆ ಚಾಕುವೂ ಇದೆ. ಉದ್ದದ ಲೆಕ್ಕ ಅಲ್ಲಿಲ್ಲ. ಕುದುರೆಮುಖದಂಥ ರಾಷ್ಟ್ರೀಯ ಉದ್ಯಾನಕ್ಕೂ ಇದೇ ನಿಯಮ. ಗೇಟಿನಲ್ಲಿ ಹಣ್ಣಿನ ಚಾಕು ನೋಡಿ ಸುಮ್ಮನೆ ಬಿಡುವವರೂ ಇರಬಹುದು, ಕಿತ್ತಿಟ್ಟುಕೊಳ್ಳುವವರೂ ಇರಬಹುದು, ನಿರ್ಧಾರ ಅವರದ್ದು. ಅನುಮತಿ ಪಡೆಯುವ ಹೊತ್ತಿಗೇ ಕೇಳಿ, ಬೇಡ ಎಂದರೆ ಕೆಳಗೇ ಬಿಟ್ಟು ಹೋಗಿ. ಅಲ್ಲಿ ಮರ ಕಡಿಯುವಂತಿಲ್ಲ, ಬೆಂಕಿ ಹಾಕುವಂತಿಲ್ಲ. ಹಣ್ಣು ಮನೆಯಲ್ಲೇ ಹೆಚ್ಚಿಕೊಂಡು ಡಬ್ಬಿಗೆ ಹಾಕಿಕೊಂಡರೆ ಚಾಕುವಿಗೆ ಇನ್ನೇನು ಕೆಲಸ ಉಳಿಯಿತು?

ಕೊನೆಗೆ ಮಗ. ಹನ್ನೆರಡು ವರ್ಷ ಎಂದರೆ ಕೊಡಬಹುದಾದ ವಯಸ್ಸು, ನೀವು ಪಕ್ಕದಲ್ಲಿ ಕೂರುವುದಾದರೆ. ಒಪಿನೆಲ್, ವಿಕ್ಟೊರಿನಾಕ್ಸ್ ಎರಡರಲ್ಲೂ ಮಕ್ಕಳಿಗೆಂದೇ ಮೊನೆ ದುಂಡಗಿರುವ ಚಾಕುಗಳಿವೆ. ಮೊಂಡು ಚಾಕು ಕೊಟ್ಟರೆ ಸುರಕ್ಷಿತ ಎಂದುಕೊಳ್ಳಬೇಡಿ, ಅದಕ್ಕೆ ಜಾಸ್ತಿ ಬಲ ಬೇಕು, ಜಾರಿದಾಗ ಹೋಗುವುದೂ ಅಷ್ಟೇ ಜೋರಾಗಿ. ಯಾವಾಗಲೂ ಕೂತೇ ಕೆತ್ತಲಿ, ಮೊಣಕೈ ತೊಡೆಯ ಮೇಲೆ ಊರಿ, ಮೊಣಕಾಲಿನಿಂದ ಆಚೆಗೆ. ತೊಡೆಯ ಮಧ್ಯೆ ಕೋಲಿಟ್ಟುಕೊಂಡು ಕೆತ್ತಲು ಬಿಡಲೇಬೇಡಿ, ಒಳತೊಡೆಯಲ್ಲಿ ದೊಡ್ಡ ರಕ್ತನಾಳ ಇದೆ. ಕೈ ಚಾಚಿ ಸುತ್ತ ತಿರುಗಿದರೆ ಯಾರೂ ತಾಗಬಾರದು. ಎದ್ದು ನಡೆಯುವ ಮೊದಲು ಮಡಚಬೇಕು, ಮಡಚುವಾಗ ಬೆರಳುಗಳು ಹಿಡಿಯ ಎರಡು ಬದಿಯಲ್ಲಿ ಚಪ್ಪಟೆಯಾಗಿ ಇರಬೇಕು, ಸೀಳಿನ ಮೇಲಲ್ಲ. ಮೊದಲಿಗೆ ಒಣಗಿದ ಸಿಲ್ವರ್ ಓಕ್ ಕಡ್ಡಿಯ ತೊಗಟೆ ಸುಲಿಯಲು ಹೇಳಿ, ಆಮೇಲೆ ತುದಿ ಚೂಪು ಮಾಡಲಿ. ಗುರುತಿಲ್ಲದ ಹಸಿ ಕೋಲು ಕೊಡಬೇಡಿ. ಕಣಗಿಲೆ ಕಡ್ಡಿ ವಿಷ, ಅದಕ್ಕೆ ಏನನ್ನೂ ಚುಚ್ಚಿ ಸುಡಬಾರದು. ಹೊಳಗೇರು ಮರದ ಸೊನೆ ತಾಗಿದರೆ ಮೈಯೆಲ್ಲ ಬೊಬ್ಬೆ ಏಳುತ್ತದೆ. ತೋಟದ ಕೆಲಸದವರನ್ನು ಕೇಳಿದರೆ ಯಾವ ಮರ ಎಂದು ದೂರದಿಂದಲೇ ತೋರಿಸುತ್ತಾರೆ.